ಪಂಪಿನಲ್ಲಿ ಉಳಿದ ಎಣ್ಣೆ

ನಮ್ಮ ಕಡೆ ಹತ್ತಿಗೆ ಹೊಡೆಯುವ ಕೀಟನಾಶಕಕ್ಕೆ ಯಾರೂ ವಿಷ ಅನ್ನುವುದಿಲ್ಲ. ಎಣ್ಣೆ ಅನ್ನುತ್ತಾರೆ. ಸ್ವಲ್ಪ ಮರ್ಯಾದೆ ಕೊಡಬೇಕೆನಿಸಿದರೆ ಔಷಧ ಅನ್ನುತ್ತಾರೆ. ಬಾಟಲಿಯಿಂದ ನೇರವಾಗಿ ಮನುಷ್ಯನ ಹೊಟ್ಟೆಗೆ ಹೋದಾಗ ಮಾತ್ರ ಅದು ವಿಷ. ಸೊಪ್ಪಿನ ಮೇಲೆ ಕೂತು, ಸೊಪ್ಪಿನ ಜೊತೆ ಹೋದರೆ ಔಷಧ. ಈ ತರ್ಕವನ್ನು ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮುಂದಿಟ್ಟಿದ್ದರೆ ಎದುರು ತಂಡದವರು ಎದ್ದು ನಿಲ್ಲುವ ಮೊದಲೇ ಸಭೆ ನಕ್ಕುಬಿಡುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಅದೇ ಎಣ್ಣೆಯನ್ನು ನಮ್ಮ ಕಾಕಾ, ಅಪ್ಪನ ತಮ್ಮ, ನನ್ನ ಬಸುರಿ ಅಕ್ಕನಿಗೆಂದು ಬೆಳೆದ ಹಕ್ಕರಕಿಯ ಮೇಲೆ ಹೊಡೆದ. ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ನನಗಿಲ್ಲ.

ಅಕ್ಕನನ್ನು ಸುರಪುರಕ್ಕೆ ಕೊಟ್ಟಿದ್ದರು. ವಾಂತಿ ನಿಲ್ಲದೆ ಸೊರಗಿದ್ದಳೆಂದು ಐದು ತಿಂಗಳು ತುಂಬುತ್ತಲೇ ಶಹಾಪುರದ ನಮ್ಮ ಮನೆಗೆ ಕರೆತಂದೆವು. ಮುಖ ಬಿಳಿಚಿಕೊಂಡಿತ್ತು. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ, ಗುಳಿಗೆ ತಪ್ಪಿಸಬೇಡ, ಹಸಿರು ಸೊಪ್ಪು ಹೆಚ್ಚು ತಿನ್ನು ಎಂದರು. ಅಕ್ಕನಿಗೆ ಅನ್ನ ಸೇರುತ್ತಿರಲಿಲ್ಲ, ಬೇಳೆ ಸೇರುತ್ತಿರಲಿಲ್ಲ. ಬಾಯಿಬಿಟ್ಟು ಕೇಳಿದ್ದು ಒಂದೇ.

"ಹಕ್ಕರಕಿ ತಿನಬೇಕು ಅನಿಸ್ತದ. ಬಿಸಿ ರೊಟ್ಟಿ, ಕೆಂಪ ಖಾರ, ಮ್ಯಾಲ ಮಸರು."

ನಮ್ಮ ಸೀಮೆಯ ಹೊರಗಿನವರಿಗಾಗಿ ಹೇಳುತ್ತೇನೆ. ಹಕ್ಕರಕಿ ಅಂದರೆ ಅಂಚು ಹರಿದಂತಿರುವ, ತುಸು ಕಹಿಯಾದ ಸೊಪ್ಪು. ಅದನ್ನು ಬೇಯಿಸುವುದಿಲ್ಲ. ತೊಳೆದು ಹಸಿಯಾಗಿಯೇ ರೊಟ್ಟಿಯ ಪಕ್ಕದಲ್ಲಿ ಇಡುತ್ತೇವೆ. ಮೆಂತ್ಯ, ಉಳ್ಳಾಗಡ್ಡಿ ತಪ್ಪಲ ಎಂಬ ಈರುಳ್ಳಿ ಸೊಪ್ಪು, ಎಳೆ ಮೂಲಂಗಿ, ಎಲ್ಲವೂ ನಮ್ಮ ತಟ್ಟೆಗೆ ಹಸಿಯಾಗಿಯೇ ಬರುತ್ತವೆ. ಹೀಗೆ ಹಸಿ ಸೊಪ್ಪು ತಿನ್ನುವ ಊರಿನವರಾದರೂ ಅದರ ಮೇಲೆ ಏನು ಬಿದ್ದಿದೆ ಎಂದು ಯೋಚಿಸಬೇಕಿತ್ತು.

ಬಜಾರಿನ ಸೊಪ್ಪು ಬೇಡ ಎಂದವಳು ಅವ್ವ. "ಗಟಾರ ನೀರಾಗ ಬೆಳೀತಾರ" ಎಂಬುದು ಅವಳ ಅನುಮಾನ. ಹಾಗಾದರೆ ಹಿತ್ತಲಲ್ಲಿ ನಾನೇ ಬೆಳೆಯುತ್ತೇನೆ ಎಂದೆ. ಹಿತ್ತಲು ನಮಗೂ ಪಕ್ಕದ ಮನೆಯ ಕಾಕಾನಿಗೂ ಸೇರಿದ್ದು. ನಡುವೆ ಮೊಣಕಾಲೆತ್ತರದ ಮೋಟು ಗೋಡೆ, ಅದಕ್ಕೆ ಒರಗಿ ಬೇವಿನ ಮರ, ನಮ್ಮ ಬದಿಗೆ ಎಮ್ಮೆ. ಬಟ್ಟೆ ಒಗೆಯುವ ಕಲ್ಲಿನ ಆಚೆಗೆ ಹಾಳುಬಿದ್ದಿದ್ದ ಜಾಗವನ್ನು ಅಗೆದೆ. ಎರೆ ಮಣ್ಣು. ಒಣಗಿದರೆ ಕಲ್ಲು, ಹಸಿಯಾದರೆ ಅಂಟು. ತಿಪ್ಪೆಯ ತಳದಿಂದ ಹಳೇ ಗೊಬ್ಬರ ತಂದು, ಕೈಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು ಬೆರೆಸಿದ ಮೇಲೆ ಅದು ಬೆರಳು ಒಳಗೆ ಬಿಡುವಷ್ಟು ಮೆತ್ತಗಾಯಿತು. ಹಕ್ಕರಕಿ ಬೀಜ ಅಂಗಡಿಯ ಪಾಕೀಟಿನಲ್ಲಿ ಸಿಗಲಿಲ್ಲ. ಹಿಂದಿನ ಓಣಿಯ ಮುಸ್ಲಿಂ ಮನೆಯ ಖಾಲಾ ಒಂದೆರಡು ಗಿಡ ಹೂಬಿಟ್ಟು ಒಣಗಲು ಬಿಟ್ಟಿದ್ದಳು. ಆ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ಕೊಟ್ಟಳು.

ಮೊಬೈಲಿನಲ್ಲಿ ನೋಡಿದ ಉಪದೇಶಗಳಿಗೆ ಲೆಕ್ಕವಿಲ್ಲ. ಒಬ್ಬ ಮಜ್ಜಿಗೆ ಸಿಂಪಡಿಸು ಅನ್ನುತ್ತಾನೆ, ಒಬ್ಬ ಬೆಲ್ಲದ ನೀರು, ಇನ್ನೊಬ್ಬ ಗೋಮೂತ್ರದಲ್ಲಿ ಎಲ್ಲ ರೋಗಕ್ಕೂ ಮದ್ದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ನಾನು ಇವರ ಕಡೆಯವಳೂ ಅಲ್ಲ. ಅವರು ಹೇಳಿದ್ದನ್ನು ಅರ್ಧ ಸಾಲಿಗೆ ಹಾಕಿದೆ, ಇನ್ನರ್ಧ ಹಾಗೇ ಬಿಟ್ಟೆ. ಮಜ್ಜಿಗೆಯಿಂದ ಇರುವೆ ಬಂದವು, ಅಷ್ಟೇ. ಒಲೆಯ ಬೂದಿ ಉದುರಿಸಿದ ಸಾಲಿನಲ್ಲಿ ಎಲೆಗೆ ಮುತ್ತುವ ಹೇನು ನಿಜವಾಗಿಯೂ ಕಡಿಮೆಯಾಯಿತು. ಬೇವಿನ ಬೀಜ ಕುಟ್ಟಿ ನೆನೆಸಿದ ನೀರೂ ಹೇನಿಗೆ ಆಯಿತು. ಹಸಿರು ಹುಳಕ್ಕೆ ಎರಡೂ ನಾಟಲಿಲ್ಲ. ಅದಕ್ಕೆ ಇದ್ದ ಉಪಾಯ ಒಂದೇ: ಬಿಸಿಲೇರುವ ಮೊದಲು ಕುಕ್ಕರಗಾಲಲ್ಲಿ ಕೂತು, ಎಲೆ ಮಗುಚಿ, ಒಂದೊಂದನ್ನೇ ಹಿಡಿದು ಸಾಬೂನಿನ ನೀರಿಗೆ ಹಾಕುವುದು. ಎಷ್ಟು ಹಿಡಿದರೂ ಕೆಲವು ಉಳಿಯುತ್ತಿದ್ದವು. ಎಲೆಗಳಲ್ಲಿ ತೂತು ಬಿತ್ತು. ಬೀಳಲಿ ಎಂದುಕೊಂಡೆ.

ಕಾಕಾನಿಗೆ ಆ ತೂತುಗಳೇ ಕಣ್ಣಿಗೆ ಚುಚ್ಚುತ್ತಿದ್ದವು. ಸಗರದ ದಾರಿಯಲ್ಲಿ ಅವನ ಹತ್ತಿ ಹೊಲ. ಬೆನ್ನಿಗೆ ಪಂಪು ಕಟ್ಟಿ ಹೊಡೆಯುವುದರಲ್ಲಿ ಅವನಷ್ಟು ಹುರುಪಿನವನು ಇಲ್ಲ. ಮೋಟು ಗೋಡೆಯ ಮೇಲೆ ಕೂತು ಚಹಾ ಕುಡಿಯುತ್ತ ನನ್ನನ್ನು ಕಾಡುವುದು ಅವನ ದಿನದ ಕೆಲಸ.

"ಏನವ್ವಾ, ಹುಳಕ್ಕ ದಾಸೋಹ ಇಟ್ಟೀಯಲ್ಲ! ನೀಡಾಕ ನಾನೂ ಬರ್ಲೇನು?"

"ಹುಳಾ ತಿಂದು ಬದುಕ್ಯಾವ ಅಂದ್ರ ಅಕ್ಕಾನೂ ತಿನಬಹುದು ಕಾಕಾ. ನಿನ್ನ ಹತ್ತ್ಯಾಗಿನ ಹುಳಾನ ಒಂದ್ ಮಾತು ಕೇಳಿ ಬಾ."

"ನನ್ನ ಹತ್ತ್ಯಾಗ ಹುಳಾನ ಇಲ್ಲ."

"ಅದನ್ನ ಹೇಳಾಕತ್ತೀನಿ."

"ಭಾಷಣಕ್ಕ ಕಪ್ ಕೊಟ್ಟವ್ರನ್ನ ಹಿಡದು ಬಡೀಬೇಕು" ಎಂದು ನಗುತ್ತ ಎದ್ದು ಹೋಗುತ್ತಿದ್ದ. ನಾನೂ ನಗುತ್ತಿದ್ದೆ. ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು. ಯಾದಗಿರಿಯ ಕಾಲೇಜಿನಲ್ಲಿ ಚರ್ಚೆ ಗೆದ್ದು ಬಂದಾಗಲೆಲ್ಲ ಓಣಿಗೆ ಪೇಢೆ ಹಂಚಿದವನೂ ಅವನೇ.

ಏಳನೇ ತಿಂಗಳಲ್ಲಿ ಅಕ್ಕನ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಸುರಪುರದ ಬೀಗರಿಗೆಲ್ಲ ಊಟ. ತವರಿನ ಹಿತ್ತಲದ ಹಕ್ಕರಕಿಯನ್ನು ಅಂದೇ ಮೊದಲು ಕೀಳುವುದು, ಮೊದಲ ತುತ್ತು ಅಕ್ಕನಿಗೆ ಎಂದು ಅವ್ವ ಹೇಳಿದ್ದಳು. ಅಕ್ಕ ದಿನಾ ಸಂಜೆ ಕಟ್ಟೆಯ ಮೇಲೆ ಕೂತು, "ಇವತ್ತ ಒಂದ್ ಎಲಿ ಕೊಡ ಮಾರಾಯ್ತಿ" ಎಂದು ಕೈಚಾಚುತ್ತಿದ್ದಳು. ಅವ್ವ ಆ ಕೈಗೆ ಮೆಲ್ಲಗೆ ಹೊಡೆದು ಒಳಗೆ ಕಳಿಸುತ್ತಿದ್ದಳು.

ಕುಬಸದ ಹಿಂದಿನ ದಿನ ಸಂಜೆ ಅಪ್ಪನೂ ನಾನೂ ಬಜಾರಿನಿಂದ ಬಳೆ, ಎಲೆ, ಅಡಿಕೆ ತಂದೆವು. ಹಿತ್ತಲ ಬಾಗಿಲಿಗೆ ಬರುತ್ತಿದ್ದಂತೆ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮೂಗಿಗೆ ಹೊಡೆಯಿತು. ಹಕ್ಕರಕಿ, ಮೆಂತ್ಯ, ಎಲ್ಲದರ ಮೇಲೂ ಹನಿ ಮಿಂಚುತ್ತಿದ್ದವು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಕಾ ಪಂಪು ತೊಳೆಯುತ್ತಿದ್ದ.

"ಏನ್ ಮಾಡಿದಿ ಕಾಕಾ?"

"ನಾಳಿ ಬೀಗರು ಬರ್ತಾರ. ಬೀಗತಿ ತಾಟಿನ್ಯಾಗ ಹುಳಾ ಹರದಾಡಿದ್ರ ನಮ್ಮ ಮನಿ ಮರ್ಯಾದಿ ಏನ್ ಉಳೀತದ? ಹತ್ತಿಗಿ ಹೊಡದು ಪಂಪಿನ್ಯಾಗ ಜರಾ ಉಳದಿತ್ತು. ಸುಮ್ನ ಚೆಲ್ಲೂದ್ಯಾಕ ಅಂತ ಇಲ್ಲಿ ಹೊಡದೆ. ಒಂದ್ ಹುಳಾ ಉಳದಿಲ್ಲ ನೋಡು, ಸಾಫ್!"

ಮುಖದಲ್ಲಿ ಎಂಥ ಸಂತೋಷ! ಮಗಳಿಗೆ ಬಂಗಾರ ಮಾಡಿಸಿ ತಂದವನ ಹಾಗೆ ನಿಂತಿದ್ದ. ಉಳಿದದ್ದನ್ನು ಚೆಲ್ಲಬಾರದು ಎಂಬುದು ನಮ್ಮವರ ರಕ್ತದಲ್ಲಿದೆ. ಉಳಿದ ರೊಟ್ಟಿ ಮರುದಿನ ಒಗ್ಗರಣೆ ರೊಟ್ಟಿಯಾಗುತ್ತದೆ, ಉಳಿದ ಅನ್ನ ಚಿತ್ರಾನ್ನವಾಗುತ್ತದೆ, ಪಂಪಿನಲ್ಲಿ ಉಳಿದ ಎಣ್ಣೆ ಮನೆಯ ಬದನೆ ಗಿಡಕ್ಕೆ ಹೋಗುತ್ತದೆ. ನಮ್ಮ ಓಣಿಯ ಯಾವ ಹಿತ್ತಲಿಗೆ ಹೋಗಿ ಕೇಳಿದರೂ ಇದೇ ಕಥೆ.

ನಾನು ಅವನ ಕೊಟ್ಟಿಗೆಗೆ ಹೋಗಿ ಎಣ್ಣೆಯ ಡಬ್ಬಿ ತಂದು ಅಂಗಳದಲ್ಲಿ ಎಲ್ಲರ ಮುಂದೆ ಇಟ್ಟೆ. ಅದರ ಮೇಲಿನ, ಅತಿ ವಿಷ ಎಂದು ಸೂಚಿಸುವ ಕೆಂಪು ಗುರುತು ತೋರಿಸಿದೆ. ಹತ್ತಿಗೆ ಎಂದು ಬರೆದಿದೆ, ತಿನ್ನುವ ಸೊಪ್ಪಿನ ಹೆಸರು ಎಲ್ಲೂ ಇಲ್ಲ ಎಂದು ಓದಿದೆ.

"ಅದು ಸಣ್ಣ ಅಕ್ಷರ. ಕಂಪನಿಯವ್ರು ಕೋರ್ಟಿಗಿ ಅಂಜಿ ಬರದದ್ದು" ಎಂದ ಕಾಕಾ. "ನಮ್ಮಪ್ಪ ಹೊಡದಾನ, ನಾ ಹೊಡದೀನಿ, ಎಲ್ಲಾರೂ ತಿಂದೀವಿ. ಯಾರ್ ಸತ್ತಾರ?"

"ಸತ್ತವ್ರು ಬಂದು ಹೇಳ್ತಾರೇನು? ಅಜ್ಜನ ಕಾಲದಾಗ ಈ ಡಬ್ಬಿ ಇತ್ತೇನು? ನಿನಗ ಹೊಡದ ದಿನ ತಲಿ ಯಾಕ ಸಿಡೀತದ? ಚಿಗವ್ವ ನಿನ್ನ ಅಂಗಿ ಬ್ಯಾರೆ ಬಕೀಟಿನ್ಯಾಗ ಯಾಕ ಒಗೀತಾಳ?"

ಚಿಗವ್ವ, ಅಂದರೆ ಕಾಕಾನ ಹೆಂಡತಿ, ಬಾಗಿಲಲ್ಲಿ ನಿಂತಿದ್ದವಳು ಒಳಗೆ ಸರಿದಳು.

"ವೈನಿ, ನೋಡ್ರಿ ನಿಮ್ಮ ಮಗಳು ಹೆಂಗ ಮಾತಾಡ್ತಾಳ" ಎಂದು ಅವನು ಅವ್ವನ ಕಡೆ ತಿರುಗಿದ.

ಅವ್ವ, "ಉಪ್ಪಿನ ನೀರಾಗ ಎರಡ್ ಸಲ ತೊಳೀತೀನಿ ಬಿಡು" ಎಂದಳು. ಗಟಾರದ ನೀರಿಗೆ ಹೆದರಿದವಳು ಇವಳೇ. ಕೊಚ್ಚೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಹಾಗಾಗಿ ಇದು ತೊಳೆದರೆ ಹೋಗುತ್ತದೆ. ಅಪ್ಪ, "ನಾಳಿ ಕಾರ್ಯ ಆಗಲಿ, ಆಮ್ಯಾಲ ಮಾತಾಡೋಣು" ಎಂದ. ಆಮೇಲೆ ಅಂದರೆ ಅಕ್ಕನ ಹೊಟ್ಟೆಗೆ ಹೋದ ಮೇಲೆ. ಕಾಕಾನ ಮಾತಿಗಾದರೂ ಉತ್ತರ ಕೊಡಬಹುದಿತ್ತು. ಅಪ್ಪನ ಈ ಮೆತ್ತಗಿನ ಮಾತಿಗೆ ಏನು ಉತ್ತರ ಕೊಡುವುದು? ಚರ್ಚೆಯಲ್ಲಿ ಇಂಥವರನ್ನು ಎದುರಿಸುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಸಿಟ್ಟು ತರಿಸಿದವಳು ಅಕ್ಕ. ಒಳಗಿನ ಮಂಚದಿಂದಲೇ, "ಸಾಕ್ ಮಾಡ್ರಿ. ನನಗ ಹಕ್ಕರಕಿನ ಬ್ಯಾಡ" ಎಂದಳು. ಅವಳಿಗೆ ಬೇಡವಾಗಿದ್ದದ್ದು ಜಗಳ. ಅದಕ್ಕಾಗಿ ಎರಡು ತಿಂಗಳಿನಿಂದ ಕಾಯ್ದ ಬಯಕೆಯನ್ನು ಬಿಟ್ಟುಕೊಟ್ಟಳು, ತಾಟಿನಿಂದ ಕರಿಬೇವು ಎತ್ತಿ ಬದಿಗಿಟ್ಟಂತೆ.

ಆದರೆ ನಾಳೆ ಊಟದ ಸಾಲಿನಲ್ಲಿ ತಾಟು ಮುಂದೆ ಬಂದಾಗ, ಅತ್ತೆಯ ಎದುರಿಗೆ, "ತವರ ಮನಿ ತಪ್ಪಲ, ತಿನ್ನು" ಎಂದು ಎಲ್ಲರೂ ಒತ್ತಾಯಿಸಿದಾಗ ಅವಳು ಬೇಡ ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬೆಳಗಾಗುತ್ತಲೇ ಹಿತ್ತಲಿಗೆ ಹೋಗಿ ಕೀಳತೊಡಗಿದೆ. ಬೇರುಸಹಿತ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವ್ವ ಓಡಿಬಂದಳು.

"ಏನ್ ಬಂದದ ನಿನಗ? ಕುಬಸದ ದಿನ ಯಾರರ ಹಸರ ಕೀಳ್ತಾರೇನ? ಬಸುರಿ ಇದ್ದ ಮನ್ಯಾಗ ಬೇರು ಕಿತ್ತು ಒಗೀತಾರೇನ?"

"ಒಳಗ ಹಸರ ಬಳಿ ಹಾಕ್ತೀರಿ, ತಾಟಿನ್ಯಾಗ ಇದನ್ನ ಹಾಕ್ತೀರಿ. ಯಾವುದು ಅಪಶಕುನ ನೀನ ಹೇಳು."

"ಕೀಳೂದು ಕಿತ್ತಿ. ಎಮ್ಮಿಗರ ಹಾಕು, ಹಾಳ ಮಾಡಬ್ಯಾಡ."

"ಎಮ್ಮಿ ಹಾಲು ಯಾರ್ ಕುಡೀತಾರವ್ವ?"

ಆ ಎಮ್ಮೆಯ ಹಾಲನ್ನು ಕಾಯಿಸಿ, ಕೆನೆಸಹಿತ, ರಾತ್ರಿ ಅಕ್ಕನಿಗೆ ಕುಡಿಸುವವಳು ಅವ್ವನೇ. ಮೂಲೆಯಲ್ಲಿದ್ದ ಗುದ್ದಲಿ ತಂದು ನನ್ನ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು. ಮೂಲೆಯಲ್ಲಿ ತಗ್ಗು ತೆಗೆದು ಎಲ್ಲವನ್ನೂ ಮುಚ್ಚಿದೆ. ಕಾಕಾ ಗೋಡೆಯ ಆಚೆ ಹಲ್ಲುಜ್ಜುತ್ತ ನೋಡುತ್ತಿದ್ದ. ಅಂದು ಹುಳದ ಹಾಸ್ಯವಿರಲಿಲ್ಲ.

ನಾನು ಬೆಳೆದದ್ದನ್ನು ನಾನೇ ಹೂಳಿದೆ. ದುಃಖದಿಂದ ಅಂದುಕೊಳ್ಳಬೇಡಿ. ಸಿಟ್ಟಿನಿಂದ.

ಬೀಗರು ಬಂದರು. ಆರತಿಯಾಯಿತು, ಉಡಿ ತುಂಬಿದರು, ಹಾಡಾಯಿತು. ಊಟಕ್ಕೆ ಕೂತಾಗ ಹೋಳಿಗೆ, ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬದನೆಕಾಯಿ ಎಣಗಾಯಿ. ಅಕ್ಕನ ಅತ್ತೆ ತಾಟನ್ನು ಒಮ್ಮೆ ನೋಡಿ, "ಹಸಿ ತಪ್ಪಲ ಇಲ್ಲೇನ್ರಿ? ಹಿತ್ತಲದಾಗ ಹಕ್ಕರಕಿ ಬೆಳದೀವಿ ಅಂತ ಫೋನಿನ್ಯಾಗ ಹೇಳ್ತಿದ್ರಲ್ಲ" ಎಂದರು.

"ಹುಳಾ ಬಿದ್ದಿತ್ರಿ ಅಕ್ಕಾರ. ಕಿತ್ತು ಒಗದೀವಿ" ಎಂದ ಕಾಕಾ.

"ಹುಳಾ ಬಿದ್ದದ್ದಕ್ಕ ಕಿತ್ತಿಲ್ರಿ ಅತ್ತಿ" ಎಂದೆ ನಾನು. "ಹತ್ತಿಗಿ ಹೊಡದು ಪಂಪಿನ್ಯಾಗ ಉಳದ ಎಣ್ಣಿ ಕಾಕಾ ಅದಕ್ಕ ಹೊಡದಿದ್ದ. ಅದಕ್ಕ ಕಿತ್ತೀನಿ."

ಅವ್ವನ ಕೈಯಲ್ಲಿದ್ದ ತುಪ್ಪದ ಚಮಚ ಗಾಳಿಯಲ್ಲೇ ನಿಂತಿತು. ಬೀಗತಿ ಮಾತ್ರ ಜೋರಾಗಿ ನಕ್ಕುಬಿಟ್ಟರು.

"ಅಯ್ಯ ಶಿವನ! ಮನಿ ಸಾಲಿಗಿ ಯಾರರ ಎಣ್ಣಿ ಹೊಡೀತಾರೇನ್ರಿ? ನಾವು ಮನಿಗಿ ಅಂತ ನಾಕ ಸಾಲು ಬ್ಯಾರೆನ ಬಿಡ್ತೀವಿ. ಅದಕ್ಕ ಒಂದ್ ಹನಿ ತಾಕ್ಸಂಗಿಲ್ಲ. ಹೊಡದದ್ದೆಲ್ಲ ಸಂತಿಗಿ."

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಲೆ ಆಡಿಸಿದರು. "ನಾವೂ ಹಂಗ ಮಾಡ್ತೀವ್ರಿ." "ಬಸುರಿ ಬಾಣಂತಿ ಇದ್ದ ಮನಿ ಅಂದ್ರ ನೋಡ್ಕೋಬೇಕಾಗ್ತದ್ರಿ." ಕಾಕಾ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಲೆಕ್ಕದ ಪ್ರಕಾರ ನಾನು ಗೆದ್ದಿದ್ದೆ. ಎದುರಾಳಿಯ ಮುಂದೆಯೇ, ಅವನೇ ಮರ್ಯಾದೆ ಕೊಡಬೇಕೆಂದ ಬೀಗರ ಬಾಯಿಂದ, ನನ್ನ ವಾದಕ್ಕೆ ಸಾಕ್ಷಿ ಸಿಕ್ಕಿತ್ತು.

ಆದರೆ ಆ ಕ್ಷಣ ನನಗೆ ಬಂದ ಸಿಟ್ಟಿನ ಮುಂದೆ ಹಿಂದಿನ ದಿನದ್ದು ಏನೂ ಅಲ್ಲ. ಇವರಿಗೆ ಗೊತ್ತಿಲ್ಲ, ತಿಳಿಸಿ ಹೇಳಿದರೆ ಬಿಡುತ್ತಾರೆ ಎಂದು ನಂಬಿ ಡಬ್ಬಿ ಹಿಡಿದು ಓದಿದವಳು ನಾನು. ಇವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ! ಗೊತ್ತಿರುವುದರಿಂದಲೇ ನಾಲ್ಕು ಸಾಲು ಬೇರೆ. ಕಾಕಾ ಎಷ್ಟೋ ವಾಸಿ. ಅವನು ನಂಬಿ ಹೊಡೆಯುತ್ತಾನೆ, ಹೊಡೆದದ್ದನ್ನೇ ತಿನ್ನುತ್ತಾನೆ, ತನ್ನ ಮನೆಯ ಮಗಳಿಗೂ ಅದನ್ನೇ ಪ್ರೀತಿಯಿಂದ ಕೊಡುತ್ತಾನೆ. ತಪ್ಪು ಅವನದು, ಆದರೆ ಒಂದೇ ತಪ್ಪು.

"ಅತ್ತಿ," ಎಂದೆ, "ಸಂತ್ಯಾಗ ಒಯ್ಯೋರ ಮನ್ಯಾಗ ಬಸುರಿ ಇರಂಗಿಲ್ಲೇನ್ರಿ?"

ಅವ್ವ ಹಿಂದಿನಿಂದ ಬಂದು ನನ್ನ ತೋಳು ಚಿವುಟಿದಳು. ಬೀಗತಿಯ ಮುಖ ಗಂಟಾಯಿತು. "ಹುಡುಗಿ ಭಾಳ ಓದ್ಯಾಳ" ಎಂದರು, ಅಪ್ಪನನ್ನು ನೋಡಿ. ಅಪ್ಪ ಎಂದಿನಂತೆ ಹೋಳಿಗೆ ಬಡಿಸಲು ಕೂಗಿದ.

ಆಗ ಅಕ್ಕ ಒಂದು ಕೆಲಸ ಮಾಡಿದಳು. ಚಿಗವ್ವ ಬದನೆಕಾಯಿ ಎಣಗಾಯಿ ಹಿಡಿದು ಬಂದಾಗ ತಾಟಿನ ಮೇಲೆ ಅಂಗೈ ಅಡ್ಡ ಇಟ್ಟಳು. ಕೈತುಂಬ ಹೊಸ ಹಸಿರು ಬಳೆ.

"ಬ್ಯಾಡ ಚಿಗವ್ವ."

"ಒಂದ್ ಹೋಳು ತಿನ್ನ ಮಗಳ."

"ಬದನಿಕಾಯಿ ಸಂತಿದು ಹೌದಲ್ಲ? ಬ್ಯಾಡ."

ಅಷ್ಟೇ ಹೇಳಿದಳು. ತನ್ನ ಅತ್ತೆಯ ಎದುರಿಗೆ. ಮೊಸರು ರೊಟ್ಟಿ ತಿಂದು ಎದ್ದಳು. ಬೀಗತಿಗೆ ಅದು ತಾಕದೆ ಇರಲಿಲ್ಲ; ಹೊರಡುವಾಗ ನನ್ನ ಹತ್ತಿರ ಮಾತಾಡಲಿಲ್ಲ.

ಸಂಜೆ ಮನೆಯಲ್ಲಿ ನನಗೆ ಸಿಕ್ಕ ಬೈಗುಳ ಬರೆಯುವಂಥದ್ದಲ್ಲ. ಕಾಕಾ ಮಾತು ಬಿಟ್ಟ. ಖಾಲಾ ಇನ್ನೊಂದು ಹಿಡಿ ಬೀಜ ತಂದು, "ಪೂರಾ ಓಣಿಗೆ ಸುದ್ದಿ ಆಗ್ಯಾದ ಬೇಟಿ, ನಿನ್ನ ಬಾಯಿಗೆ ಬೀಗ ಹಾಕ್ರಿ ಅನ್ನಾಕತ್ತಾರ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ಮಣ್ಣಿನಲ್ಲಿ ಬಿತ್ತಲು ಮನಸ್ಸಾಗಲಿಲ್ಲ. ಬೇವಿನ ಮರದ ಈಚೆ, ಗೋಡೆಯಿಂದ ದೂರ, ಹೊಸ ಜಾಗ ಅಗೆದು ಮತ್ತೆ ಗೊಬ್ಬರ ಹೊತ್ತೆ. ಗುದ್ದಲಿ ಹಿಡಿದು ಅವ್ವನೂ ಬಂದಳು. ಬೈಯುತ್ತಲೇ ಅಗೆದಳು.

ಮೊಳಕೆ ಬಂದ ಮೇಲೆ ಒಂದು ದಿನ ಕಾಕಾ ಗೋಡೆಯ ಆಚೆಯಿಂದಲೇ, ನನ್ನ ಮುಖ ನೋಡದೆ, ಎಮ್ಮೆಗೆ ಹೇಳುವಂತೆ ಹೇಳಿದ.

"ಇನ್ನ ಪಂಪು ಮನಿಗಿ ತರಂಗಿಲ್ಲ. ಉಳದದ್ದು ಅಲ್ಲೇ ಕಾಲುವಿಗೆ ಚೆಲ್ಲಿ ಬರ್ತೀನಿ. ಸಮಾಧಾನ ಆಯ್ತಿಲ್ಲೊ?"

ನಾನು ಹಣೆ ಚಚ್ಚಿಕೊಂಡೆ. "ಕಾಲುವಿ ನೀರು ಎಲ್ಲಿಗಿ ಹೋಗ್ತದ ಕಾಕಾ? ಬೇಕಾದಷ್ಟೇ ಕಲಸು. ಉಳದ್ರ ಹತ್ತಿಗೇ ಹೊಡಿ!"

"ಅಂದಾಜ ಹೆಂಗ ಗೊತ್ತಾಗ್ತದ?"

"ಬಿತ್ತಾಕ ಬೀಜದ ಅಂದಾಜ ಗೊತ್ತಾಗ್ತದ, ಇದರದ ಗೊತ್ತಾಗಂಗಿಲ್ಲೇನು?"

ಚಹಾದ ಲೋಟ ಎತ್ತಿಕೊಂಡು ಹೋದ. ಆಮೇಲೆ ಏನು ಮಾಡುತ್ತಿದ್ದಾನೋ ನನಗೆ ಗೊತ್ತಿಲ್ಲ. ಬದಲಾಗಿದ್ದಾನೆ ಎಂದು ಬರೆದರೆ ನಿಮಗೆ ಹಿತವಾದೀತು. ಕಣ್ಣಾರೆ ನೋಡದೆ ನಾನು ಬರೆಯುವುದಿಲ್ಲ.

ಹಕ್ಕರಕಿ ಬಂತು. ಹುಳವೂ ಬಂತು. ಎಂಟು ತಿಂಗಳು ತುಂಬಿದ ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ರೊಟ್ಟಿಯ ತಾಟು. ನಾನು ತೂತಿಲ್ಲದ ಎಲೆಗಳನ್ನು ಆರಿಸುತ್ತಿದ್ದೆ. ಹಾಳು ಅಭ್ಯಾಸ, ನನಗೂ ಇದೆ. ಅವಳು ಬುಟ್ಟಿಗೆ ಕೈಹಾಕಿ ಜಾಲರಿಯಂತಾಗಿದ್ದ ಎಲೆಯೊಂದನ್ನು ತೆಗೆದಳು. ಕಣ್ಣಿಗೆ ಹಿಡಿದು ತೂತಿನಿಂದ ಗೋಡೆಯ ಕಡೆ ನೋಡಿದಳು. ಕಾಕಾ ಚಹಾ ಕುಡಿಯುತ್ತ ಕೂತಿದ್ದ.

"ಕಾಕಾ, ಕಾಣಾಕತ್ತಿ ನೀ."

"ತಿನ್ನು, ತಿನ್ನು. ಹುಳದ ಎಂಜಲಾ."

"ಬಾ, ನೀನೂ ತಿನ್ನು."

ಅವನು ಬರಲಿಲ್ಲ. ಎದ್ದೂ ಹೋಗಲಿಲ್ಲ. ಅಕ್ಕ ಆ ಎಲೆಯನ್ನು ಮಡಚಿ, ಖಾರಕ್ಕೆ ಒತ್ತಿ, ರೊಟ್ಟಿಯ ಜೊತೆ ಬಾಯಿಗಿಟ್ಟುಕೊಂಡಳು. ಕಹಿಗೆ ಒಂದು ಕ್ಷಣ ಕಣ್ಣು ಕಿವುಚಿ, ಮತ್ತೆ ಕೈಚಾಚಿದಳು. ನಾನು ಕೊಟ್ಟೆ. ಮತ್ತೆ ಚಾಚಿದಳು. ಬುಟ್ಟಿ ಅರ್ಧವಾಗುವವರೆಗೂ ಕೊಡುತ್ತಲೇ ಇದ್ದೆ.

ಓಣಿಯ ತುದಿಯಲ್ಲಿ ಆಟೋ ನಿಂತ ಸದ್ದಾಯಿತು. ಸಂತೆಗೆ ಹೋಗಿದ್ದ ಹೆಂಗಸರು ಚೀಲ ಇಳಿಸಿಕೊಂಡು ಬರುತ್ತಿದ್ದರು. ಚೀಲದ ಬಾಯಿಂದ ಮೆಂತ್ಯದ ಕಟ್ಟುಗಳು ಹೊರಗೆ ಇಣುಕುತ್ತಿದ್ದವು. ಒಂದು ಎಲೆಗೂ ತೂತಿರಲಿಲ್ಲ. ಅವರಲ್ಲಿ ಹೋದ ವರ್ಷ ಮದುವೆಯಾಗಿ ಬಂದ, ಈಗ ಬಸುರಿಯಾದ ಎದುರು ಮನೆಯ ಸೊಸೆಯೂ ಇದ್ದಳು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ನಡೆಯುತ್ತ. ನಾನು ಬುಟ್ಟಿಯಲ್ಲಿ ಉಳಿದದ್ದನ್ನು ಎತ್ತಿಕೊಂಡು ಅವಳ ಬಾಗಿಲಿಗೆ ಹೊರಟೆ.

"ಮತ್ತೊಬ್ಬರ ಮನಿಗಿ ಜಗಳಕ್ಕ ಹೊಂಟಳು" ಎಂದ ಕಾಕಾ.

"ಹೌದು" ಎಂದೆ.